ಮೇಸ್ತ್ರಿಯ ಒಂಬತ್ತು ದಿನ

ಮೇಸ್ತ್ರಿಯ ಹೆಂಡತಿ ಎರಡು ತಿಂಗಳಿಗೆಂದು ಮಗಳ ಮನೆಗೆ ಹೋಗಿ ಮೂರು ವರ್ಷವಾಗಿತ್ತು. ಮೊದಲು ಹೆರಿಗೆ ಅಂದಳು, ಆಮೇಲೆ ಮಗು ಇನ್ನೂ ಚಿಕ್ಕದು ಅಂದಳು, ಆಮೇಲೆ ಮಗಳು ಕೆಲಸಕ್ಕೆ ಹೋಗಬೇಕಲ್ಲ ಅಂದಳು, ಅಷ್ಟರಲ್ಲಿ ಎರಡನೆಯದೂ ಹುಟ್ಟಿತು. ಗಂಡ ಹೆಂಡಿರ ನಡುವೆ ಜಗಳವೇನೂ ಇರಲಿಲ್ಲ. ಜಗಳವಾಡಲಿಕ್ಕಾದರೂ ಇಬ್ಬರು ಒಂದೇ ಮನೆಯಲ್ಲಿರಬೇಕು. ದಿನಾ ಸಂಜೆ ಐದೂವರೆಗೆ ಅವಳ ಫೋನು ಬರುತ್ತಿತ್ತು. "ಮಧ್ಯಾಹ್ನ ಏನು ತಿಂದ್ರಿ?" ಅಂತ ಅವಳು, "ಮಕ್ಕಳು ಹೇಗಿದ್ದಾವೆ?" ಅಂತ ಇವನು. ಅಷ್ಟಾದ ಮೇಲೆ ಇಬ್ಬರಿಗೂ ಮಾತು ಖಾಲಿ. ಸ್ವಲ್ಪ ಹೊತ್ತು ಒಬ್ಬರ ಉಸಿರು ಇನ್ನೊಬ್ಬರು ಕೇಳಿಸಿಕೊಂಡು ಫೋನು ಇಡುತ್ತಿದ್ದರು.

ಅವನ ಗ್ಯಾರೇಜು ಮುಖ್ಯ ರಸ್ತೆಯ ಹಿಂದಿನ ಓಣಿಯಲ್ಲಿತ್ತು. ತಗಡಿನ ಸೂರು, ಎರಡು ಕಾರು ನಿಲ್ಲುವಷ್ಟು ಜಾಗ, ನಡುವೆ ಇಳಿದು ಕೆಲಸ ಮಾಡಲು ಒಂದು ಗುಂಡಿ. ಗೋಡೆಯ ಮೇಲೆ ಬೋಲ್ಟು ಬಿಚ್ಚುವ ಪಾನಾಗಳನ್ನು ಗಾತ್ರದ ಪ್ರಕಾರ ಮೊಳೆಗೆ ನೇತು ಹಾಕಿದ್ದ. ಹಿಂಬದಿಯಲ್ಲಿ ಮೆಟ್ಟಿಲು, ಮೇಲೆ ಮನೆ. ಮನೆಯ ಮೂರು ಕೋಣೆಗಳಲ್ಲಿ ಎರಡರ ಬಾಗಿಲು ಈಗ ಗುಡಿಸಲು ಮಾತ್ರ ತೆರೆಯುತ್ತಿದ್ದವು. ಐವತ್ತೆಂಟು ವಯಸ್ಸು, ಮೂವತ್ತನಾಲ್ಕು ವರ್ಷದ ಕಸುಬು. "ಮೇಸ್ತ್ರಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡ್ತಾನೆ" ಅಂತ ಓಣಿಯವರು ಹೇಳುತ್ತಿದ್ದರು. "ಕಣ್ಣಲ್ಲೇನು, ಮೈತುಂಬಾ ಎಣ್ಣೆಯೇ" ಅಂತ ಅವನು ನಗುತ್ತಿದ್ದ.

ಬರುವ ಗಿರಾಕಿಗಳಲ್ಲಿ ಕೆಲಸವಿಲ್ಲದಿದ್ದರೂ ಬರುವವರು ಒಬ್ಬರೇ. ಅವರನ್ನು ಎಲ್ಲರೂ ಲ್ಯಾಬ್ ಮೇಡಂ ಅನ್ನುತ್ತಿದ್ದರು. ಎರಡು ಬೀದಿ ಆಚೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಹದಿಮೂರು ವರ್ಷದ ಬಿಳಿ ಕಾರೊಂದು ಅವರ ಬಳಿ ಇತ್ತು. ಎಡಗಡೆ ಏನೋ ಕಿರ್ ಅನ್ನುತ್ತೆ ಅಂತಲೋ, ಚಕ್ರದ ಗಾಳಿ ನೋಡಿ ಅಂತಲೋ ಬಂದು, ಯಾವುದೋ ಗಾಡಿಯಿಂದ ಬಿಚ್ಚಿಟ್ಟ ಹಿಂದಿನ ಸೀಟಿನ ಮೇಲೆ ಕೂತು, ತಮ್ಮ ಫ್ಲಾಸ್ಕಿನಿಂದಲೇ ಎರಡು ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದರು. ಇನ್ನೊಂದು ಊರಿನಲ್ಲಿದ್ದ ಅಕ್ಕನ ವಿಷಯವೇ ಹೆಚ್ಚು. ತಾಯಿ ಬೇಗ ತೀರಿಕೊಂಡದ್ದರಿಂದ ಅವರನ್ನು ಸಾಕಿದವಳು ಆ ಅಕ್ಕ. "ನನಗೆ ಜಡೆ ಹಾಕೋವಾಗ ಎಷ್ಟು ಬಿಗೀತಿದ್ಲು ಅಂದ್ರೆ, ಹುಬ್ಬು ಮೇಲಕ್ಕೆ ಹೋಗಿ ಇಡೀ ದಿನ ಆಶ್ಚರ್ಯ ಪಟ್ಟ ಹಾಗೆ ಕಾಣ್ತಿದ್ದೆ" ಅಂತ ಹೇಳಿ ತಾವೇ ನಗುತ್ತಿದ್ದರು. ಅವರು ಹೋದ ಮೇಲೆ ಮೇಸ್ತ್ರಿಗೆ ಒಂದರ್ಧ ಗಂಟೆ ಗ್ಯಾರೇಜು ದೊಡ್ಡದಾದ ಹಾಗೆ ಅನ್ನಿಸುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಅವರು ಅವಸರದಲ್ಲಿ ಬಂದರು. "ಮೇಸ್ತ್ರಿ, ಅಕ್ಕನಿಗೆ ಕಾಯಿಲೆ ಬಹಳ ಜಾಸ್ತಿಯಾಗಿದೆ. ಬೆಳಗ್ಗೆ ಐದಕ್ಕೇ ಹೊರಡ್ತೀನಿ. ಇನ್ನೂರು ಕಿಲೋಮೀಟರ್ ಹೋಗ್ಬೇಕು, ಆಯಿಲ್ ಬದಲಾಯಿಸಿ ಬಿಡಿ."

"ಆರಕ್ಕೆ ಬನ್ನಿ, ತಯಾರಿರುತ್ತೆ" ಅಂದ.

ಹಳೆ ಆಯಿಲ್ ಬಸಿದು, ಎಂಜಿನ್ನಿನ ಬುಡದಲ್ಲಿ ಲೋಟದ ಹಾಗೆ ಕೂತಿರುವ ಫಿಲ್ಟರನ್ನು ತಿರುಗಿಸಿ ತೆಗೆದ ಹೊತ್ತಿಗೆ ಫೋನು ಬಂತು. ಗುಂಡಿಯೊಳಗೇ ನಿಂತು ಕೈ ಒರೆಸಿಕೊಂಡು ಎತ್ತಿದ.

"ರೀ, ಈ ಸಲವೂ ಬರೋಕಾಗಲ್ಲ ಅನ್ಸುತ್ತೆ" ಅಂದಳು ಹೆಂಡತಿ. "ಚಿಕ್ಕವನನ್ನ ನೋಡ್ಕೊಳ್ಳೋಕೆ ಯಾರೂ ಸಿಕ್ಕಿಲ್ಲ."

"ಆಯ್ತು ಬಿಡು."

"ಬೇಜಾರಾ?"

"ಬೇಜಾರೇನು. ನನಗೆ ಇಲ್ಲಿ ಕೈತುಂಬ ಕೆಲಸ."

ಫೋನು ಇಟ್ಟು ಹೊಸ ಫಿಲ್ಟರು ಹಾಕಿದ, ಆಯಿಲ್ ತುಂಬಿದ, ಎಂಜಿನ್ ಚಾಲೂ ಮಾಡಿ ಕೆಳಗೆ ಬಗ್ಗಿ ನೋಡಿದ. ಒಂದು ಹನಿಯೂ ಇರಲಿಲ್ಲ. ಆರಕ್ಕೆ ಮೇಡಂ ಬಂದು ಗಾಡಿ ತೆಗೆದುಕೊಂಡು ಹೋದರು.

ಸೋಮವಾರ ಬೆಳಗ್ಗೆ ಆ ಬಿಳಿ ಕಾರು ಟೋ ಗಾಡಿಯ ಬೆನ್ನೇರಿ ವಾಪಸು ಬಂತು. ಕಾರು ಇಳಿಸಿದವನು, "ಎಂಜಿನ್ ಬಿಗಿದುಕೊಂಡಿದೆ. ಹೆದ್ದಾರಿಯಲ್ಲಿ ನಿಂತುಹೋಗಿತ್ತು" ಅಂದು ಒಂದು ಸಹಿ ಹಾಕಿಸಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಮೇಡಂ ಫೋನ್ ಮಾಡಿದರು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಅಕ್ಕ ಹೋಗಿಬಿಟ್ಲು ಮೇಸ್ತ್ರಿ. ನಾನು ಗುರುವಾರ ಬರ್ತೀನಿ. ನೀವು ಗಾಡಿ ಬಿಚ್ಚಿ ನೋಡಿ."

ಕಾರಿನ ಹೊಟ್ಟೆಯೆಲ್ಲ ಆಯಿಲಿನಲ್ಲಿ ಮಿಂದಿತ್ತು. ಎಲ್ಲಿಂದ ಸೋರಿದೆ ಅಂತ ಬೆರಳಿಟ್ಟುಕೊಂಡು ಹೋದರೆ ಬೆರಳು ಫಿಲ್ಟರಿನ ಹತ್ತಿರ ನಿಂತಿತು. ತಿರುಗಿಸಿ ತೆಗೆದ. ಫಿಲ್ಟರಿನ ಬಾಯಿಗೆ ಒಂದು ರಬ್ಬರ್ ರಿಂಗ್ ಇರುತ್ತದೆ, ಆಯಿಲ್ ಆಚೆ ಹೋಗದ ಹಾಗೆ ತಡೆಯುವುದು ಅದೇ. ಹಳೆ ಫಿಲ್ಟರ್ ತೆಗೆದಾಗ ಕೆಲವು ಸಲ ಅದರ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದುಬಿಡುತ್ತದೆ. ಅದನ್ನು ಕಿತ್ತು ತೆಗೆಯದೆ ಹೊಸದನ್ನು ಹಾಕಿದರೆ ರಬ್ಬರಿನ ಮೇಲೆ ರಬ್ಬರ್ ಕೂರುತ್ತದೆ. ನಿಂತ ಗಾಡಿಯಲ್ಲಿ ಏನೂ ಗೊತ್ತಾಗುವುದಿಲ್ಲ. ವೇಗವಾಗಿ ಓಡಿಸಿ ಆಯಿಲಿನ ಒತ್ತಡ ಏರಿದಾಗ ಎರಡೂ ಜಾರಿ, ನಾಲ್ಕೇ ನಿಮಿಷದಲ್ಲಿ ಆಯಿಲೆಲ್ಲ ರಸ್ತೆಯ ಪಾಲು.

ಅವನ ಕೈಯಲ್ಲಿ ಈಗ ಎರಡು ರಿಂಗ್ ಇದ್ದವು. ಒಂದು ಹೊಸದು, ಒಂದು ಗಟ್ಟಿಯಾದ ಹಳೆಯದು.

ಅಂಟಿದೆಯೋ ಇಲ್ಲವೋ ಅಂತ ಬೆರಳು ಸವರಿ ನೋಡುವುದು ಕಸುಬಿನ ಮೊದಲ ಪಾಠ. ಮೂವತ್ತನಾಲ್ಕು ವರ್ಷ ತಪ್ಪದೆ ಮಾಡಿದ್ದ. ಶನಿವಾರ ಫೋನು ಇಟ್ಟ ಮೇಲೆ ಮಾಡಿರಲಿಲ್ಲ. ಮಾಡಿದ ನೆನಪು ಎಷ್ಟು ಹುಡುಕಿದರೂ ಸಿಗಲಿಲ್ಲ. ಅವನು ಗುಂಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಸಂಜೆ ಹೆಂಡತಿ "ಏನು ತಿಂದ್ರಿ?" ಅಂದಾಗ "ತಿಂದೆ" ಅಂದ.

ಅವನ ಭಾವಮೈದ ಓಣಿಯ ತುದಿಯಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಮರುದಿನ ಬೇರಿಂಗ್ ತರಲು ಹೋದ ಮೇಸ್ತ್ರಿ ತಡೆಯಲಾರದೆ ಅವನಿಗೆ ಹೇಳಿದ.

ಭಾವಮೈದ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಭಾವ, ಆಯಿಲ್ ದೀಪ ಹತ್ತಿತ್ತಂತಾ?"

"ಹತ್ತಿರಲೇಬೇಕು, ಆಯಿಲ್ ಅಷ್ಟು ಇಳಿದ ಮೇಲೆ."

"ಹತ್ತಿದ ಮೇಲೂ ಓಡಿಸಿದ್ರೆ ತಪ್ಪು ಯಾರದ್ದು? ಕೆಂಪು ದೀಪ ಅಲಂಕಾರಕ್ಕೆ ಇಟ್ಟಿದ್ದಾರಾ? ವಿಮೆಯವರೂ ಅದನ್ನೇ ಹೇಳ್ತಾರೆ ನೋಡಿ. ನೀವಾಗಿ ನಿಮ್ಮ ಕಾಲ ಮೇಲೆ ಕಲ್ಲು ಎತ್ತಿ ಹಾಕ್ಕೋಬೇಡಿ. ಎಂಜಿನ್ ಸರಿ ಮಾಡಿ ಕೊಡಿ, ಬಾಯಿಗೆ ಬೀಗ ಹಾಕಿ."

ಮೇಸ್ತ್ರಿ ಗ್ಯಾರೇಜಿಗೆ ವಾಪಸು ಬಂದ. ಎರಡೂ ರಿಂಗನ್ನು ಒಂದು ಬಟ್ಟೆಯಲ್ಲಿ ಸುತ್ತಿ ಪಾನಾ ಪೆಟ್ಟಿಗೆಯ ತಳಕ್ಕೆ ಸೇರಿಸಿದ.

ಗುರುವಾರ ಸಂಜೆ ಮೇಡಂ ಬಂದರು. ಮುಖ ಇಳಿದುಹೋಗಿತ್ತು. ಫ್ಲಾಸ್ಕು ಇರಲಿಲ್ಲ. ಸೀಟಿನ ತುದಿಯಲ್ಲಿ ಕೂತು, ಕೇಳದೆಯೇ ಹೇಳತೊಡಗಿದರು.

"ದೊಡ್ಡ ಸೇತುವೆ ದಾಟಿದ ಮೇಲೆ ಆ ಕೆಂಪು ದೀಪ ಹತ್ತಿತು ಮೇಸ್ತ್ರಿ. ನಿನ್ನೆ ತಾನೇ ಆಯಿಲ್ ಹಾಕ್ಸಿದ್ದೀನಿ, ದೀಪವೇ ಕೆಟ್ಟಿರಬೇಕು ಅಂದ್ಕೊಂಡೆ. ಅಕ್ಕ ಕಾಯ್ತಿದ್ದಾಳೆ, ಹೇಗಾದ್ರೂ ತಲುಪಿದ್ರೆ ಸಾಕು ಅಂತ ಆರು ಕಿಲೋಮೀಟರ್ ಓಡಿಸಿದೆ. ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬಂತು, ನಿಂತುಹೋಯ್ತು. ಕೈ ಅಡ್ಡ ಹಾಕಿದ್ರೆ ಯಾರೂ ನಿಲ್ಲಿಸಲಿಲ್ಲ. ಕೊನೆಗೆ ತರಕಾರಿ ಲಾರಿಯವನು ಹತ್ತಿಸಿಕೊಂಡ. ಅಕ್ಕ ಹೋದದ್ದು ಹನ್ನೊಂದಕ್ಕೆ. ನಾನು ಬಾಗಿಲಿಗೆ ಹೋಗಿ ನಿಂತಾಗ ಎರಡು ಗಂಟೆ." ಆಮೇಲೆ ಅಂದರು, "ಎಂಜಿನ್ನೂ ನಾನೇ ಕೊಂದೆ. ವಿಮೆಯವನೂ ಫೋನಲ್ಲಿ ಹಾಗೇ ಅಂದ. ದೀಪ ಹತ್ತಿದ ಮೇಲೂ ಓಡಿಸಿದ್ರೆ ನಿಮ್ಮದೇ ಜವಾಬ್ದಾರಿ ಮೇಡಂ ಅಂದ."

ಮೇಸ್ತ್ರಿಯ ಬಾಯಿಯವರೆಗೂ ಮಾತು ಬಂತು. ಅವನು ಬೋಲ್ಟುಗಳ ಕಡೆ ತಿರುಗಿದ. "ಎಂಜಿನ್ ಸರಿ ಹೋಗುತ್ತೆ ಮೇಡಂ. ಅದರ ಚಿಂತೆ ಬಿಡಿ" ಅಂದ.

ಅಂದಿನಿಂದ ಅವರು ದಿನಾ ಬರತೊಡಗಿದರು. ಕಾರಿಲ್ಲದ್ದರಿಂದ ಬಸ್ ನಿಲ್ದಾಣಕ್ಕೆ ನಡೆದು ಹೋಗಬೇಕಿತ್ತು, ಗ್ಯಾರೇಜು ದಾರಿಯಲ್ಲೇ ಸಿಗುತ್ತಿತ್ತು. ಎರಡು ದಿನ ಕಳೆದು ಫ್ಲಾಸ್ಕೂ ಬಂತು. ಬಿಚ್ಚಿ ಹರಡಿದ್ದ ಎಂಜಿನ್ನಿನ ಭಾಗಗಳನ್ನು ನೋಡುತ್ತಾ, "ಇದು ಯಾಕೆ ಹೀಗೆ ಗೀರು ಬಿದ್ದಿದೆ?" ಅಂತ ಕೇಳುತ್ತಿದ್ದರು. "ಆಯಿಲಿಲ್ಲದೆ ಉಜ್ಜಿದ್ದಕ್ಕೆ" ಅನ್ನುತ್ತಿದ್ದ. "ನಾನು ನಿಲ್ಲಿಸಬೇಕಿತ್ತು" ಅನ್ನುತ್ತಿದ್ದರು. ಅವನು ತಲೆ ತಗ್ಗಿಸಿ ಬೋಲ್ಟು ಒರೆಸುತ್ತಿದ್ದ.

ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದ. ಮರುದಿನ, ಪಾಪ ಇವತ್ತು ಸ್ವಲ್ಪ ಗೆಲುವಾಗಿದ್ದಾರೆ, ಯಾಕೆ ಕೆದಕುವುದು ಅಂದುಕೊಳ್ಳುತ್ತಿದ್ದ. ಆದರೆ ಅವನಿಗೇ ಹೇಳಿಕೊಳ್ಳಲಾಗದ ಇನ್ನೊಂದು ಸಂಗತಿ ಇತ್ತು. ಐದು ಗಂಟೆ ಆಗುತ್ತಲೇ ಅವನ ಕಿವಿ ಓಣಿಯ ಕಡೆ ತಿರುಗುತ್ತಿತ್ತು. ಅವರ ಚಪ್ಪಲಿಯ ಸದ್ದು ಕೇಳಿದರೆ ಎದೆ ಹಗುರಾಗುತ್ತಿತ್ತು. ಇಷ್ಟು ವರ್ಷದಲ್ಲಿ ಯಾರೂ ದಿನಾ ಅವನನ್ನು ನೋಡಲು ಬಂದಿರಲಿಲ್ಲ. ನಿಜ ಹೇಳಿದರೆ ಆ ಸದ್ದು ನಿಲ್ಲುತ್ತದೆ. ಅವರು ತಮ್ಮನ್ನು ತಾವು ಬೈದುಕೊಳ್ಳುತ್ತಿದ್ದದ್ದರಿಂದಲೇ ತನಗೆ ಈ ಸಂಜೆಗಳು ಸಿಗುತ್ತಿವೆ ಅನ್ನುವುದು ಹೊಳೆದ ದಿನ ಅವನು ಚಹಾ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ.

ಬುಧವಾರ ಮೇಡಂ ಬಂದವರೇ ಕೂರದೆ ನಿಂತರು.

"ಅಕ್ಕನ ಮಗ ಫೋನ್ ಮಾಡಿದ್ದ. ಭಾನುವಾರ ಎಲ್ಲರೂ ಸೇರಿ ಅವಳ ಕೋಣೆ ಖಾಲಿ ಮಾಡ್ತಾರಂತೆ. ಬನ್ನಿ ಅಂದ. ಆಮೇಲೆ ಮಾತಿಗೆ ಮಾತು ಬಂದು, ಚಿಕ್ಕಮ್ಮ, ದೀಪ ಹತ್ತಿದಾಗಲೇ ನೀವು ನಿಲ್ಲಿಸಿ ಬೇರೆ ವ್ಯವಸ್ಥೆ ಮಾಡ್ಕೊಂಡಿದ್ರೆ ಅಮ್ಮ ನಿಮ್ಮ ಮುಖ ನೋಡಿ ಹೋಗ್ತಿದ್ಲು, ಕೊನೇವರೆಗೂ ನಿಮ್ಮನ್ನೇ ಕೇಳ್ತಿದ್ಲು ಅಂದ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಾನು ಹೋಗಲ್ಲ ಮೇಸ್ತ್ರಿ. ಯಾವ ಮುಖ ಇಟ್ಕೊಂಡು ಹೋಗ್ಲಿ?"

ಮೇಸ್ತ್ರಿ ಎದ್ದ. ಪಾನಾ ಪೆಟ್ಟಿಗೆಯ ತಳದಿಂದ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದ.

"ಇದೇನು?"

"ನಿಮ್ಮ ಗಾಡಿಯ ಫಿಲ್ಟರಿನ ರಿಂಗು. ಒಂದು ಇರಬೇಕಿತ್ತು. ಎರಡು ಇದೆ." ಅವನು ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟ. "ಹಳೇದನ್ನ ತೆಗೀದೆ ಹೊಸದನ್ನ ಹಾಕಿದ್ದು ನಾನು. ಆಯಿಲ್ ಅಲ್ಲಿಂದಲೇ ಹೋಯ್ತು. ತಪ್ಪು ನನ್ನದು ಮೇಡಂ."

ಅವರು ಹಳೆಯ ರಿಂಗನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಲ್ಯಾಬಿನಲ್ಲಿ ಗಾಜಿನ ಕೊಳವೆ ನೋಡುವುದೂ ಹೀಗೇ ಇರಬೇಕು. ಮತ್ತೆ ಮೇಜಿನ ಮೇಲಿಟ್ಟರು.

"ಯಾವತ್ತು ಗೊತ್ತಾಯ್ತು ನಿಮಗೆ?"

"ಗಾಡಿ ಬಂದ ದಿನವೇ."

"ಸೋಮವಾರ." ಅವರು ಬೆರಳು ಮಡಚಿ ಎಣಿಸಿದರು. "ಒಂಬತ್ತು ದಿನ. ಗುರುವಾರದಿಂದ ದಿನಾ ನಾನು ಇಲ್ಲೇ ಕೂತು ನನ್ನನ್ನ ಬೈಕೊಂಡೆ. ನೀವು ಚಹಾ ಕುಡೀತಾ ಕೇಳಿಸ್ಕೊಂಡ್ರಿ."

ಮೇಸ್ತ್ರಿ ಬಟ್ಟೆಯ ಮಡಿಕೆ ಬಿಡಿಸುತ್ತಾ ನಿಂತ.

"ಕೈತಪ್ಪು ಯಾರಿಗಾದ್ರೂ ಆಗುತ್ತೆ. ನನಗೂ ಆಗಿದೆ. ಆದ್ರೆ ಇದು ಕೈತಪ್ಪಲ್ಲ. ಇದು ನೀವು ದಿನಾ ಎದ್ದು, ಯೋಚನೆ ಮಾಡಿ, ಮಾಡಿದ್ದು."

"ಹೌದು" ಅಂದ.

"ಯಾಕೆ?"

ನೀವು ಬರುವುದು ನಿಂತುಹೋಗುತ್ತದೆ ಅಂತ ಅನ್ನಲು ಅವನಿಗೆ ನಾಲಿಗೆ ಏಳಲಿಲ್ಲ. "ಹೆದರಿಕೆ" ಅಂದ, ಅಷ್ಟೇ. ಆಮೇಲೆ, "ಎಂಜಿನ್ ಪೂರ್ತಿ ನಾನೇ ಮಾಡಿಕೊಡ್ತೀನಿ. ನಿಮ್ಮಿಂದ ಒಂದು ಪೈಸೆ ಬೇಡ" ಅಂತ ಸೇರಿಸಿದ.

"ಅದು ಹೇಗೂ ನೀವು ಮಾಡ್ಬೇಕಾದ್ದೇ. ನನಗೆ ಬೇರೆ ಬೇಕು. ಇದನ್ನ ಬರೆದು ಸಹಿ ಮಾಡಿ ಕೊಡಿ."

ಬಿಲ್ ಪುಸ್ತಕದಿಂದ ಹಾಳೆ ಹರಿದು ಮೇಸ್ತ್ರಿ ಬರೆಯಲು ಕೂತ. ಬರೆದು ಅಭ್ಯಾಸವಿಲ್ಲದ ಕೈ, ಹಾಳೆಯ ಅಂಚಿಗೆಲ್ಲ ಹೆಬ್ಬೆಟ್ಟಿನ ಮಸಿ. ಹಳೆ ರಿಂಗ್ ತೆಗೆಯದೆ ಹೊಸ ಫಿಲ್ಟರ್ ಹಾಕಿದವನು ನಾನು, ಅದರಿಂದ ಆಯಿಲ್ ಸೋರಿ ಎಂಜಿನ್ ಹಾಳಾಯಿತು, ಇದರಲ್ಲಿ ಗಾಡಿಯವರ ತಪ್ಪು ಏನೂ ಇಲ್ಲ ಅಂತ ಬರೆದ. ಮೇಡಂ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದು ಸುಳ್ಳು. ದೀಪ ಹತ್ತಿದ ಕೂಡಲೇ ನಾನು ನಿಲ್ಲಿಸಿದ್ರೆ ಎಂಜಿನ್ ಉಳೀತಿತ್ತಾ?"

ಮೇಸ್ತ್ರಿ ಅವರ ಮುಖ ನೋಡಿದ. ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಉಳೀತಿತ್ತು. ಬಹುಮಟ್ಟಿಗೆ."

"ಹಾಗಾದ್ರೆ ಅದನ್ನೂ ಬರೀರಿ. ನನ್ನ ಪಾಲು ನೀವು ತಗೋಬೇಡಿ." ಮತ್ತೆ ಕೇಳಿದರು. ಈ ಸಲ ದನಿ ಸಣ್ಣಗಿತ್ತು. "ನಿಲ್ಲಿಸಿದ್ರೆ, ಅಲ್ಲಿಂದ ಗಾಡಿ ಮುಂದಕ್ಕೆ ಹೋಗ್ತಿತ್ತಾ?"

"ಎಲ್ಲಿ ಹೋಗುತ್ತೆ ಮೇಡಂ? ಆಯಿಲೇ ಇಲ್ಲ. ಅಲ್ಲೇ ನಿಲ್ಲಬೇಕಿತ್ತು."

"ಲಾರಿ ಸಿಕ್ಕಿದ ಜಾಗಕ್ಕಿಂತ ಆರು ಕಿಲೋಮೀಟರ್ ಹಿಂದೆ. ಸೇತುವೆ ಹತ್ರ, ಒಂದು ಅಂಗಡಿ ಕೂಡ ಇಲ್ಲದ ಕಡೆ." ಅವರು ತಮ್ಮಷ್ಟಕ್ಕೇ ಹೇಳಿಕೊಳ್ಳುವ ಹಾಗೆ ಅಂದರು, "ಅಂದ್ರೆ ನಿಲ್ಲಿಸಿದ್ರೂ ಹನ್ನೊಂದರೊಳಗೆ ತಲುಪ್ತಿರಲಿಲ್ಲ."

"ತಲುಪ್ತಿರಲಿಲ್ಲ."

"ಎಂಜಿನ್ನಿನಲ್ಲಿ ನನ್ನದೂ ಪಾಲಿದೆ. ಅಕ್ಕನ ವಿಷಯದಲ್ಲಿ ಇಲ್ಲ."

ಅವರು ಅಲ್ಲಿಗೆ ನಿಲ್ಲಿಸಿದರು. ಹಾಗಾದರೆ ಅದು ಯಾರದು ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಎಂಜಿನ್ ಅನ್ನು ಬಿಚ್ಚಿ, ತೊಳೆದು, ಹೊಸ ಬೇರಿಂಗ್ ಹಾಕಿ ಎಬ್ಬಿಸಬಹುದಿತ್ತು. ಆ ಮೂರು ಗಂಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮೇಸ್ತ್ರಿ ಹೊಸ ಹಾಳೆಯಲ್ಲಿ ಎಲ್ಲವನ್ನೂ ಬರೆದು ಸಹಿ ಮಾಡಿದ. ಮೇಡಂ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ಬರುತ್ತೇನೆ ಅಂತಲೂ ಅನ್ನದೆ ನಡೆದುಬಿಟ್ಟರು. ಎರಡು ಲೋಟ ಮೇಜಿನ ಮೇಲೆ ಹಾಗೇ ಒಣಗಿದ್ದವು.

ಮತ್ತೆ ಹದಿನೆಂಟು ದಿನ ಹಿಡಿಯಿತು. ಬೇರೆ ಕೆಲಸ ಒಪ್ಪಿಕೊಳ್ಳದೆ ಅದೊಂದೇ ಎಂಜಿನ್ ಮಾಡಿದ. ಭಾವಮೈದ ಬಂದು, "ಹೇಳಿಬಿಟ್ರಂತಲ್ಲ! ನಿಮ್ಮಂಥ ಅಮಾಯಕರು ಇರೋದ್ರಿಂದಲೇ ನಮ್ಮ ಅಂಗಡಿ ನಡೀತಿದೆ" ಅಂತ ಗೊಣಗಿದ. ಆದರೂ ಬೇರಿಂಗುಗಳನ್ನು ತಾನೇ ಹೊತ್ತು ತಂದಿದ್ದ.

ಗಾಡಿ ಒಯ್ಯಲು ಬಂದ ದಿನ ಮೇಡಂ ಕೂರಲಿಲ್ಲ. ಎಂಜಿನ್ ಚಾಲೂ ಮಾಡಿ ಕಿವಿಗೊಟ್ಟು ಕೇಳಿದರು. ಬಗ್ಗಿ ಕೆಳಗೂ ನೋಡಿದರು.

"ಭಾನುವಾರ ಹೋಗಿದ್ರಾ?" ಅಂತ ಮೇಸ್ತ್ರಿ ಧೈರ್ಯ ಮಾಡಿ ಕೇಳಿದ.

"ಹೋಗಿದ್ದೆ. ಅಕ್ಕನ ಮಗ ಕಾಗದವನ್ನ ಎರಡು ಸಲ ಓದಿದ. ಆಮೇಲೆ ಒಳಗೆ ಹೋಗಿ, ಚಿಕ್ಕಮ್ಮನಿಗೆ ತಟ್ಟೆ ಹಾಕು ಅಂತ ಹೆಂಡತಿಗೆ ಹೇಳಿದ." ಅಷ್ಟು ಹೇಳಿ ಗಾಡಿಯನ್ನು ಓಣಿಗೆ ತಿರುಗಿಸಿಕೊಂಡರು.

ಅವರು ಮತ್ತೆ ಬರಲಿಲ್ಲ. ಮೊದಲ ತಿಂಗಳು ಐದು ಗಂಟೆಗೆ ಅವನ ಕಿವಿ ತನ್ನಷ್ಟಕ್ಕೇ ನಿಮಿರುತ್ತಿತ್ತು. ಆಮೇಲೆ ಆ ಹೊತ್ತಿಗೆ ರೇಡಿಯೋ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡ.

ಒಂದು ಸಂಜೆ ಹೆಂಡತಿಯ ಫೋನು ಬಂದಾಗ, "ನೀನೊಂದು ಸಲ ಬಂದು ಹೋಗು" ಅಂದುಬಿಟ್ಟ. ಮೂರು ವರ್ಷದಲ್ಲಿ ಹಾಗೆ ಕೇಳಿದ್ದು ಅದೇ ಮೊದಲು. ಅವಳು ಗಾಬರಿಯಾಗಿ "ಏನಾಯ್ತು ರೀ?" ಅಂದಳು. ಎಲ್ಲವನ್ನೂ ಹೇಳಿದ. ಅಷ್ಟು ಹೊತ್ತು ಫೋನಿನಲ್ಲಿ ಅವನು ಮಾತಾಡಿದ್ದೇ ಇಲ್ಲ.

"ಅವತ್ತು ನಾನು ಆ ಹೊತ್ತಿಗೆ ಫೋನ್ ಮಾಡಿದ್ದಕ್ಕೇ ಹೀಗಾಯ್ತಾ?"

"ಅಲ್ಲ. ಫೋನ್ ಇಟ್ಟ ಮೇಲೆ ಫಿಲ್ಟರ್ ಹಾಕಿದ ಕೈ ನನ್ನದೇ."

ಅವಳು ಮುಂದಿನ ವಾರ ಬಂದಳು. ಎಂಟು ದಿನ ಇದ್ದಳು. ಎರಡು ಕೋಣೆಗಳ ಕಿಟಕಿ ತೆರೆದು ಹಾಸಿಗೆ ಒಣಗಿಸಿದಳು. ಪತ್ರಿಕೆಯನ್ನು ಅವನು ಮಾರು ದೂರ ಹಿಡಿದು ಓದುವುದನ್ನು ಕಂಡು ಕಣ್ಣಿನ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಅವರು ಕನ್ನಡಕ ಬರೆದುಕೊಟ್ಟು, ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ ಅಂದರು. ಅಷ್ಟರಲ್ಲಿ ಮಗಳ ಫೋನು ಬಂತು, ಚಿಕ್ಕವನಿಗೆ ಜ್ವರ. ಅವಳು ಬಸ್ಸು ಹತ್ತಿದಳು. "ಪರೀಕ್ಷೆ ಮರೀಬೇಡಿ" ಅಂತ ಕಿಟಕಿಯಿಂದ ಎರಡು ಸಲ ಹೇಳಿದಳು.

ಆ ಬಡಾವಣೆಯಲ್ಲಿ ಲ್ಯಾಬು ಇದ್ದದ್ದು ಒಂದೇ. ಮರುದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಸಾಲಿನಲ್ಲಿ ಕೂತ. ಅವನ ಸರದಿ ಬಂದಾಗ ಕೈಗವಸು ಹಾಕಿಕೊಂಡು ಎದುರಿಗೆ ಬಂದವರು ಮೇಡಮ್ಮೇ. ಅವನನ್ನು ನೋಡಿ ಒಂದು ಕ್ಷಣ ನಿಂತರು. ಆಮೇಲೆ ಎಲ್ಲರಿಗೂ ಮಾಡುವ ಹಾಗೆ ತೋಳಿಗೆ ಪಟ್ಟಿ ಕಟ್ಟಿದರು.

"ಮುಷ್ಟಿ ಬಿಗಿ ಹಿಡೀರಿ."

ಹಿಡಿದ. ಸೂಜಿ ಇಳಿದದ್ದು ಗೊತ್ತೇ ಆಗಲಿಲ್ಲ, ಅಷ್ಟು ಒಳ್ಳೆಯ ಕೈ.

"ಗಾಡಿ ಓಡ್ತಿದೆಯಾ ಮೇಡಂ?"

"ಓಡ್ತಿದೆ. ಸರ್ವಿಸ್ ಬೇರೆ ಕಡೆ ಮಾಡಿಸ್ತೀನಿ."

"ಒಳ್ಳೇದು."

"ಅವರು ಫಿಲ್ಟರ್ ಬಿಚ್ಚೋವಾಗ ಪಕ್ಕದಲ್ಲೇ ನಿಂತು, ಬೆರಳು ಸವರಿ ನೋಡಿ ಅಂತ ಹೇಳ್ತೀನಿ. ಅವರಿಗೆ ನನ್ನ ಕಂಡ್ರೆ ಆಗಲ್ಲ." ತುಟಿಯ ಕೊನೆಯಲ್ಲಿ ಏನೋ ಸಣ್ಣದಾಗಿ ಅಲ್ಲಾಡಿದ ಹಾಗಾಯಿತು, ನಗುವೋ ಏನೋ. ಹತ್ತಿ ಇಟ್ಟು ಅವನ ಕೈ ಮಡಚಿದರು. "ನಾಳೆ ನಾಲ್ಕರ ಮೇಲೆ ರಿಪೋರ್ಟ್ ಸಿಗುತ್ತೆ. ಬೇರೆ ಯಾರನ್ನಾದ್ರೂ ಕಳಿಸಿದ್ರೂ ಕೊಡ್ತಾರೆ."

"ಕಳಿಸೋಕೆ ಯಾರಿದ್ದಾರೆ ಮೇಡಂ?"

ತಮಾಷೆಗೆಂದು ಅಂದದ್ದು. ಅವರು ನಗಲಿಲ್ಲ. ಅವನ ಹೊಸ ಕನ್ನಡಕವನ್ನು ನೋಡಿದರು. "ಹಾಗಾದ್ರೆ ನೀವೇ ಬನ್ನಿ" ಅಂದು ಮುಂದಿನವರ ಹೆಸರು ಕೂಗಿದರು.

ಮೇಸ್ತ್ರಿ ಹತ್ತಿ ಒತ್ತಿಕೊಂಡು ಬೀದಿಗೆ ಇಳಿದ. ಹೊಟ್ಟೆ ಚುರುಗುಟ್ಟುತ್ತಿತ್ತು. ಗ್ಯಾರೇಜಿನಲ್ಲಿ ಯಾರದ್ದೋ ಗಾಡಿಯ ಬ್ರೇಕು ಬಿಚ್ಚಿಟ್ಟು ಬಂದಿದ್ದ. ಮಧ್ಯಾಹ್ನದೊಳಗೆ ಕೊಡಬೇಕಿತ್ತು.